ಮನೆಗೊಂದಾಳು, ಆಳಿಗೊಂದು ಎದೆಬಡಿತ

ನಾನು ಡಾಕ್ಟರು ಹೌದೋ ಅಲ್ಲವೋ ಎಂಬುದು ನಮ್ಮೂರಿನಲ್ಲಿ ಇವತ್ತಿಗೂ ಇತ್ಯರ್ಥವಾಗದ ವ್ಯಾಜ್ಯ. ಸೂಜಿ ಚುಚ್ಚುವುದಿಲ್ಲ, ಮಾತ್ರೆ ಬರೆದುಕೊಡುವುದಿಲ್ಲ, ಜ್ವರ ಬಂದ ಮಗುವಿನ ನಾಲಿಗೆ ನೋಡುವುದಿಲ್ಲ. ಮೈಸೂರಿನ ಒಂದು ಸಂಸ್ಥೆಯಲ್ಲಿ ಇಷ್ಟು ವರ್ಷ ಕೂತು, ಇಲಿಯ ರಕ್ತನಾಳವನ್ನು ಸಣ್ಣ ಉಂಗುರದ ಹಾಗೆ ಕತ್ತರಿಸಿ, ಉಪ್ಪುನೀರಿನಲ್ಲಿ ತೂಗುಹಾಕಿ, ಯಾವ ವಿಷಕ್ಕೆ ಅದು ಎಷ್ಟು ಬಿಗಿಯುತ್ತದೆ, ಎಷ್ಟು ಸಡಿಲವಾಗುತ್ತದೆ ಎಂದು ನೋಡುತ್ತ ಬಂದಿದ್ದೇನೆ. ಇದನ್ನು ಊರಿನ ಜಗಲಿಯ ಮೇಲೆ ವಿವರಿಸಿದರೆ ಜನ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡು, "ಅದಿರ್ಲಿ ಬುಡವ್ವ, ನನ್ಗೆ ಮಂಡಿ ನೋವು, ಏನ್ ತಗೊಳ್ಳಾನ ಯೋಳು" ಅನ್ನುತ್ತಾರೆ.

ನಾನು ಈ ದಾರಿ ಹಿಡಿದ ಹೊಸದರಲ್ಲಿ ಅವ್ವ ಒಮ್ಮೆ ನನ್ನ ಕೆಲಸ ನೋಡಲು ಬಂದಿದ್ದಳು. ಆಗ ಕಪ್ಪೆಯ ಹೃದಯದ ಪಾಠ ನಡೆಯುತ್ತಿತ್ತು. ಕಪ್ಪೆ ಎಲ್ಲೋ, ಹೃದಯ ಎಲ್ಲೋ. ಗಾಜಿನ ಬಟ್ಟಲಿನಲ್ಲಿ ಅದು ತನ್ನಷ್ಟಕ್ಕೆ ಬಡಿದುಕೊಳ್ಳುತ್ತಿತ್ತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಬಗ್ಗಿ ನೋಡಿದಳು.

"ಯಾಕವ್ವ ಇದು ಇನ್ನೂವೆ ಬಡ್ಕತಾ ಐತೆ?"

"ಉಪ್ಪುನೀರು ಸಿಕ್ರೆ ಸಾಕು ಕಣವ್ವ, ಮೈ ಇಲ್ದಿದ್ರೂ ಒಸಿ ಹೊತ್ತು ಬಡ್ಕತದೆ."

"ನಿಮ್ಮಪ್ಪನ ಮನೇಲಿ ನಂದೂ ಇಂಗೇ ಬಡ್ಕಂಡಿದ್ದು, ಬುಡು" ಎಂದು ಅವ್ವ ಹೊರಗೆ ಬಂದು, ಊರಿಂದ ತಂದಿದ್ದ ಅವರೆಕಾಯಿಯನ್ನು ನನ್ನ ಗುರುಗಳ ಮೇಜಿನ ಮೇಲೆ ಸುರಿದಳು. ನನ್ನ ಸಂಶೋಧನೆಯ ಬಗ್ಗೆ ಗುರುಗಳು ಯಾವತ್ತೂ ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿಲ್ಲ.

ಆಮೇಲೆ ನಾನು ನಿಕೋಟಿನ್ನಿಗೆ ಬಂದೆ. ಪಿರಿಯಾಪಟ್ಟಣದ ಕಡೆಯಿಂದ ಬಂದವಳು ಇನ್ನೆಲ್ಲಿಗೆ ಬರುತ್ತಾಳೆ! ನಮ್ಮ ಕಡೆ ಬರೀ ಸೊಪ್ಪು ಎಂದರೆ ಹೊಗೆಸೊಪ್ಪು. ಸಾರಿನ ಸೊಪ್ಪಾದರೆ ದಂಟೋ ಸಬ್ಬಸಿಗೆಯೋ ಎಂದು ಹೆಸರು ಹಿಡಿದು ಹೇಳಬೇಕು. ನಮ್ಮ ಮನೆಯ ಹಿಂದೆಯೇ ಬ್ಯಾರನ್ನು, ಅಂದರೆ ಸೊಪ್ಪು ಬೇಯಿಸುವ ಎತ್ತರದ ಕಟ್ಟಡ. ನನ್ನ ಶಾಲೆ, ಹಾಸ್ಟೆಲು, ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ, ಎಲ್ಲವೂ ಆ ಬ್ಯಾರನ್ನಿನ ಹೊಗೆಯಲ್ಲೇ ಬೆಂದು ಬಂದದ್ದು. ಆದರೆ ಇಲಿಗೆ ಕೊಡುವ ನಿಕೋಟಿನ್ ಶುದ್ಧವಾಗಿರಬೇಕಂತೆ. ಅದು ಪರದೇಶದಿಂದ ಬರಬೇಕಂತೆ. ಹೆಬ್ಬೆರಳಿನಷ್ಟು ಸೀಸೆಗಾಗಿ ಅರ್ಜಿ ಹಾಕಿ, ಅರ್ಜಿಗೆ ಸಹಿ ಹಾಕಿಸಿ, ಸಹಿಗೆ ಇನ್ನೊಂದು ಸಹಿ ಹಾಕಿಸಿ, ಒಂದು ಮಳೆಗಾಲ ಪೂರ್ತಿ ಕಾದೆ. ಅದೇ ಮಳೆಗಾಲದಲ್ಲಿ ನಮ್ಮ ಅತ್ತಿಗೆ, ಅದೇ ನಿಕೋಟಿನ್ನು ಮೊಣಕೈಯಿಂದ ತೊಟ್ಟಿಕ್ಕುವಂತೆ, ಹೊಲದಲ್ಲಿ ಸೊಪ್ಪು ಮುರಿಯುತ್ತಿದ್ದಳು. ನನ್ನ ಇಲಿಗಳಿಗೆ ಮಾತ್ರ ಉಪವಾಸ.

ಅತ್ತಿಗೆಯ ಮಾತು ಬಂದಿತಲ್ಲ, ಈ ಬರಹ ಅವಳದೇ. ಅಣ್ಣನ ಹೆಂಡತಿ, ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೆ ಬಂದವಳು. ಸೊಪ್ಪಿನ ಕಾಲ ಬಂತೆಂದರೆ ನಸುಕಿಗೇ ಎದ್ದು, ತಲೆಗೆ ಟವಲು ಸುತ್ತಿ, ಅಣ್ಣನ ಹಳೆಯ ಶರ್ಟು ತೊಟ್ಟು ಹೊರಡುತ್ತಾಳೆ. ಎಲೆಯ ಮೇಲೆ ಇಬ್ಬನಿ ಇರುವಾಗಲೇ ಮುರಿಯಬೇಕು; ಹಾಗಾದರೆ ಮಾತ್ರ ಹಗಲಿನಲ್ಲಿ ಕಡ್ಡಿಗೆ ಕಟ್ಟಿ, ಸಂಜೆಗೆ ಬ್ಯಾರನ್ನು ತುಂಬಿ ಬೆಂಕಿ ಹಾಕಲು ಆಗುವುದು. ಆ ಇಬ್ಬನಿಯ ನೀರಿನಲ್ಲಿ ಎಲೆಯ ವಿಷ ಕರಗುತ್ತದೆ, ಒದ್ದೆ ಬಟ್ಟೆಯ ಮೂಲಕ ಚರ್ಮಕ್ಕೆ ಇಳಿಯುತ್ತದೆ, ಅಲ್ಲಿಂದ ರಕ್ತಕ್ಕೆ. ತಲೆ ಸುತ್ತುತ್ತದೆ, ವಾಂತಿ ಬರುತ್ತದೆ, ಎದೆ ಓಡುತ್ತದೆ. ನಮ್ಮೂರಲ್ಲಿ ಇದಕ್ಕೆ ಪಿತ್ತ ಎಂದು ಹೆಸರು. ಪಿತ್ತಕ್ಕೆ ಮಜ್ಜಿಗೆ, ಮಜ್ಜಿಗೆಗೆ ನಿಂಬೆಹುಳಿ, ಅದಕ್ಕೂ ಬಗ್ಗದಿದ್ದರೆ ಒಂದು ಬೈಗುಳ.

ಅತ್ತಿಗೆಗೆ ಈಚೆಗೆ ಪಿತ್ತದ ಜೊತೆಗೆ ಇನ್ನೊಂದು ಸೇರಿಕೊಂಡಿತ್ತು. "ಎದೇ ಒಳ್ಗೆ ಕೋಳಿ ಕೆರ್ದಂಗಾಯ್ತದೆ ಕಣವ್ವ. ಆಮ್ಯಾಕೆ ಒಂದ್ ಗಳಿಗೆ ಏನೂ ಇಲ್ಲ. ಆಮ್ಯಾಕೆ ತಿರ್ಗ ಕೆರೀತದೆ" ಎಂದು ಒಂದು ದಿನ ಮುದ್ದೆ ಕಟ್ಟುತ್ತ ಹೇಳಿದಳು. ನಾನು ಎದ್ದು ಅವಳ ಮಣಿಕಟ್ಟು ಹಿಡಿಯಹೋದರೆ, "ಕೈ ಬುಡು, ಮುದ್ದೆ ಗಂಟಾಯ್ತದೆ" ಎಂದಳು.

ಈ ಕೋಳಿ ಕೆರೆತದ ಚಿಂತೆಯಲ್ಲೇ ನಾನು ಇಲಿ ಬಿಟ್ಟು ಮನುಷ್ಯರ ಕಡೆ ತಿರುಗಿದೆ. ಹಸಿ ಸೊಪ್ಪು ಮುರಿಯುವ ಹೆಂಗಸರ ನಾಡಿ, ರಕ್ತದೊತ್ತಡ, ಮೂತ್ರ ಇವನ್ನು ಹೊಲಕ್ಕೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ನೋಡುವುದು, ಅಷ್ಟೇ ಯೋಜನೆ. ನಮ್ಮ ವಿಭಾಗದ ಮುಖ್ಯಸ್ಥರು ಅದನ್ನು ಓದಿ, ಶೀರ್ಷಿಕೆ ತುಂಬ ಚಿಕ್ಕದಾಯಿತು ಎಂದು ಮೂರು ಸಾಲಿಗೆ ಏರಿಸಿದರು. ಸಮಿತಿಯವರು, ಹಳ್ಳಿಯ ಹೆಂಗಸರಿಗೆ ಮುಜುಗರವಾಗದಂತೆ ಮೂತ್ರದ ಬಾಟಲಿಗೆ ಕಂದು ಬಣ್ಣದ ಕಾಗದ ಸುತ್ತಬೇಕೆಂದು ಷರತ್ತು ಹಾಕಿ ಒಪ್ಪಿಗೆ ಕೊಟ್ಟರು. ನಾನು ಕಾಗದ ಸುತ್ತಿ ಕಳಿಸಿದೆ. ಮೊದಲನೇ ದಿನವೇ ಊರಿನಲ್ಲಿ ನನಗೆ ಉಚ್ಚೆ ಡಾಕ್ಟ್ರಮ್ಮ ಎಂದು ಹೆಸರಾಯಿತು.

ಹೋಲಿಕೆಗೆ ಸೊಪ್ಪು ಮುಟ್ಟದ ಹೆಂಗಸರೂ ಬೇಕಲ್ಲ. ಅದಕ್ಕೆ ಕೆ.ಆರ್. ನಗರದ ಕಡೆ, ಭೇರ್ಯದ ಹತ್ತಿರ, ಭತ್ತ ನಾಟಿ ಮಾಡುವ ಒಂದು ಊರನ್ನು ಆರಿಸಿದೆವು. ನಮ್ಮ ಚಿಕ್ಕಮ್ಮನನ್ನು ಕೊಟ್ಟ ಊರು. ತಂಬಾಕು ಬಳಸುತ್ತೀರಾ ಎಂದು ಒಬ್ಬೊಬ್ಬರನ್ನೂ ಕೇಳಿದೆವು. "ಅಯ್ಯೋ, ಬೀಡಿ ಸೇದಾ ಜಾತಿಯಾ ನಾವು?" ಎಂದು ಎಲ್ಲರೂ ಸಿಟ್ಟಾದರು. ಎರಡನೇ ಸಲ ಹೋದಾಗ, ಗದ್ದೆ ಬದುವಿನ ಮೇಲೆ ಊಟ ಮುಗಿಸಿದ ಚಿಕ್ಕಮ್ಮ ಸೊಂಟದ ಚೀಲ ಬಿಚ್ಚಿ, ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು, ಅದರ ಮೇಲೆ ಒಳ್ಳೆ ಚಿಟಿಕೆ ಹೊಗೆಸೊಪ್ಪು ಉದುರಿಸಿ ಬಾಯಿಗೆ ಹಾಕಿಕೊಂಡಳು. ಚೀಲ ಸಾಲಿನ ಕೊನೆಯವರೆಗೂ ಹೋಯಿತು.

"ಚಿಕ್ಕಮ್ಮ, ಇದೇನು?"

"ಎಲೆಅಡ್ಕೆ ಕಣಮ್ಮಿ."

"ಅದ್ರ ಮ್ಯಾಲೆ ಹಾಕಿದ್ದು?"

"ಅದು ಎಲೆಅಡ್ಕೇಗೆ ಹಾಕೋದು."

ಹೋಲಿಕೆಯ ಗುಂಪಿನ ಕತೆ ಅಲ್ಲಿಗೆ ಮುಗಿಯಿತು. ಹೊಸ ಗುಂಪು ಹುಡುಕಲು ಸಮಯವಿಲ್ಲ, ಸೊಪ್ಪಿನ ಕಾಲ ನಮಗಾಗಿ ನಿಲ್ಲುವುದಿಲ್ಲ. ಒಬ್ಬೊಬ್ಬಳ ಬೆಳಗನ್ನು ಅವಳದೇ ಮಧ್ಯಾಹ್ನಕ್ಕೆ ಹೋಲಿಸಿದರೆ ಸಾಕೆಂದು ತೀರ್ಮಾನಿಸಿದೆವು. ಎಲ್ಲ ಭಾರವೂ ಈಗ ಅದೊಂದರ ಮೇಲೆ ಬಿತ್ತು: ಬೆಳಿಗ್ಗೆ ಬಂದವಳೇ ಮಧ್ಯಾಹ್ನವೂ ಬರಬೇಕು.

ಇಲ್ಲಿ ಮುಯ್ಯಾಳಿನ ವಿಷಯ ಹೇಳಬೇಕು. ನಮ್ಮೂರ ಸಣ್ಣ ಹಿಡುವಳಿಯವರಿಗೆ ಸೊಪ್ಪಿನ ಕಾಲದಲ್ಲಿ ಕೂಲಿಯವರು ಸಿಗುವುದಿಲ್ಲ. ಎಚ್.ಡಿ. ಕೋಟೆ ಕಡೆಯಿಂದ ಜೀಪುಗಳಲ್ಲಿ ಬರುವವರನ್ನು ದೊಡ್ಡ ಬೆಳೆಗಾರರು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಹಾಗಾಗಿ ಉಳಿದ ಮನೆಗಳು ಒಂದಾಗಿ ಮುಯ್ಯಿ ಕಟ್ಟುತ್ತವೆ: ಇವತ್ತು ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಒಂದಾಳು, ನಾಳೆ ನಮ್ಮ ಹೊಲಕ್ಕೆ ನಿಮ್ಮ ಮನೆಯಿಂದ ಒಂದಾಳು. ಯಾರು ಬಂದರು ಎಂದು ಯಾರೂ ಕೇಳುವುದಿಲ್ಲ. ಆಳು ಬಂತೋ ಇಲ್ಲವೋ ಅಷ್ಟೇ. ಸೊಸೆಗೆ ಮೈ ಸರಿಯಿಲ್ಲದಿದ್ದರೆ ಅತ್ತೆ, ಅತ್ತೆಗೆ ಆಗದಿದ್ದರೆ ರಜೆಗೆ ಬಂದ ಮಗಳು. ಆಳು ತಪ್ಪಿದ ಮನೆಯ ಹೊಲಕ್ಕೆ ಮಾತ್ರ ಮಾರನೆಯ ದಿನ ಯಾರೂ ಹೆಜ್ಜೆ ಇಡುವುದಿಲ್ಲ, ಸೊಪ್ಪು ಗಿಡದಲ್ಲೇ ಹಳದಿಯಾಗುತ್ತದೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ. ನನ್ನ ಯೋಜನೆಯ ಮೂರು ಸಾಲಿನ ಶೀರ್ಷಿಕೆಗೆ ಮಾತ್ರ ಗೊತ್ತಿರಲಿಲ್ಲ.

ನನಗೆ ಮೈಸೂರಿನಲ್ಲಿ ಪಾಠ, ಪರೀಕ್ಷೆ. ಹಾಗಾಗಿ ಊರಿನ ಶಾಲೆಯ ಜಗಲಿಯಲ್ಲಿ ಯಂತ್ರ ಹಿಡಿದು ಕೂತವರು ನನ್ನ ಇಬ್ಬರು ಸಂಶೋಧನಾ ವಿದ್ಯಾರ್ಥಿನಿಯರು. ಇಬ್ಬರೂ ಜಾಣೆಯರು, ಇಬ್ಬರೂ ಪಟ್ಟಣದವರು. ತಲೆಗೆ ಟವಲು ಸುತ್ತಿ, ಗಂಡನ ಶರ್ಟು ತೊಟ್ಟು ನಸುಕಿನಲ್ಲಿ ಬರುವ ಹೆಂಗಸರು ಅವರಿಗೆ ಎಲ್ಲರೂ ಒಬ್ಬರೇ. ಹೆಸರು ಕೇಳುವುದು ಅಗೌರವ ಎಂದು ನಂಬರಿನ ಚೀಟಿ ಕೊಟ್ಟಿದ್ದರು. ಚೀಟಿ ತಂದವರಿಗೆ ಯಂತ್ರದ ಪಟ್ಟಿ ಸುತ್ತುವುದು. ಅಳತೆಗೆ ಮೊದಲು ಸ್ವಲ್ಪ ಹೊತ್ತು ಮಾತಾಡದೆ ಕೂರಬೇಕೆಂಬ ನಿಯಮವಿತ್ತು. ನಮ್ಮೂರ ಹೆಂಗಸರನ್ನು ಮಾತಾಡದೆ ಕೂರಿಸುವುದಕ್ಕಿಂತ ಇಲಿಯ ರಕ್ತನಾಳಕ್ಕೆ ಗಂಟು ಹಾಕುವುದು ಸುಲಭ ಎಂದು ಒಬ್ಬಳು ನನಗೆ ಫೋನು ಮಾಡಿ ಅತ್ತಳು.

ಹೆಂಗಸರಿಗೆ ಒಂದೊಂದು ಜೊತೆ ರಬ್ಬರ್ ಕೈಗವಸು ಸಹ ಹಂಚಿದ್ದೆವು. ಒಂದು ಜೊತೆಯೂ ಹೊಲ ಕಾಣಲಿಲ್ಲ. ಕೇಳಿದರೆ, "ಒಸಾದು ಕಣವ್ವ, ಸೊಪ್ಪಿನ ಅಂಟಿಗೆ ಆಕಿ ಕೆಡ್ಸಾಕಾಯ್ತದಾ? ತಲೆಗೆ ಬಣ್ಣ ಅಚ್ಚಾಕೆ ಎತ್ತಿಟ್ಟಿವ್ನಿ" ಅಂದರು. ಆ ವರ್ಷದ ನಮ್ಮ ಯೋಜನೆಯಿಂದ ಊರಿಗೆ ಆದ ಕಣ್ಣಿಗೆ ಕಾಣುವ ಉಪಯೋಗವೆಂದರೆ ಯಾರ ಅಂಗೈಯೂ ಕಪ್ಪಾಗದೆ ಎಲ್ಲರ ತಲೆಯೂ ಕಪ್ಪಾಗಿದ್ದು.

ಮೂತ್ರ ಪರೀಕ್ಷಿಸುವ ಯಂತ್ರಕ್ಕೆ ಬಿಡಿಭಾಗ ಬರಬೇಕಿತ್ತು, ಬರುತ್ತಲೇ ಇತ್ತು. ಹಾಗಾಗಿ ಮೊದಲು ಕೈಗೆ ಸಿಕ್ಕಿದ್ದು ನಾಡಿ ಮತ್ತು ರಕ್ತದೊತ್ತಡದ ಫಲಿತಾಂಶ. ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಹೊಲಕ್ಕೆ ಹೋಗುವ ಮೊದಲಿಗಿಂತ ಬಂದ ಮೇಲೆ ಹೆಂಗಸರ ನಾಡಿ ನಿಧಾನ, ಒತ್ತಡ ಕಡಿಮೆ! ಹಸಿ ತಂಬಾಕಿನಲ್ಲಿ ನೆನೆದು ಬಂದರೆ ಹೃದಯಕ್ಕೆ ತಂಪು! ಎಲ್ಲೋ ತಪ್ಪಿದೆ ಎಂದು ನಾನು ಮುಖ್ಯಸ್ಥರ ಕೋಣೆಗೆ ಹೋದರೆ ಅವರು ಎದ್ದು ನಿಂತರು.

"ತಪ್ಪು ಅಂತ ಯಾಕೆ ಅಂದ್ಕೊಳ್ತೀರಿ ಮೇಡಂ? ಹೊಸದು ಅನ್ನಿ. ಬೆಳಗಿನ ಗಾಳಿ, ಬರಿಗಾಲು, ಸಾಮೂಹಿಕ ಶ್ರಮ. ಅವರು ಬಗ್ಗಿ ಏಳೋದನ್ನ ನೋಡಿದ್ದೀರಾ? ಅದು ಆಸನ. ನಮ್ಮ ಹಳ್ಳಿಯವರಿಗೆ ಗೊತ್ತಿಲ್ಲದೇ ಅವರು ಆಸನ ಮಾಡ್ತಿದ್ದಾರೆ."

"ಸರ್, ಅವರಿಗೆ ವಾಂತಿ ಆಗ್ತದೆ."

"ಅದೂ ಒಂದು ಶುದ್ಧಿಕ್ರಿಯೆ ತಾನೆ?"

ನಾನು ಬೇಡವೆಂದು ಬಾಯಿ ತೆರೆಯುವುದರೊಳಗೆ ಸಾರಾಂಶ ಯಾವುದೋ ಸಮ್ಮೇಳನಕ್ಕೆ ಹೋಯಿತು. ಹುಣಸೂರಿನ ಕಡೆಯ ಬೆಳೆಗಾರರ ಮುಖಂಡರೊಬ್ಬರಿಗೆ ಸುದ್ದಿ ಹೇಗೆ ತಲುಪಿತೋ, ಅದನ್ನು ಚೌಕಟ್ಟು ಹಾಕಿಸಿ ಕಚೇರಿಯಲ್ಲಿ ತೂಗುಹಾಕಬೇಕು, ಒಂದು ಪ್ರತಿ ಕೊಡಿ ಎಂದು ನನಗೆ ಫೋನು ಮಾಡಿದರು. ಬಣ್ಣದಲ್ಲಿದ್ದರೆ ಇನ್ನೂ ಒಳ್ಳೆಯದಂತೆ.

ಫಲಿತಾಂಶವನ್ನು ಒಬ್ಬೊಬ್ಬರಂತೆ ಬಿಡಿಸಿ ನೋಡುತ್ತ ಕೂತೆ. ಎಲ್ಲರಿಗಿಂತ ಹೆಚ್ಚು ಸುಧಾರಿಸಿದ ಹೃದಯ ಯಾರದು ಎಂದು ನೋಡಿದರೆ ನಮ್ಮ ಅತ್ತಿಗೆಯದು; ಅವಳ ಚೀಟಿಯ ನಂಬರು ನನಗೆ ಬಾಯಿಪಾಠ. ಬೆಳಿಗ್ಗೆ ತಡವರಿಸುವ ನಾಡಿ, ಮಧ್ಯಾಹ್ನ ಉಂಡು ಮಲಗಿ ಎದ್ದವರ ಹಾಗೆ ಗಂಭೀರ. ಎದೆಯಲ್ಲಿ ಕೋಳಿ ಕೆರೆಯುವ ಅತ್ತಿಗೆ ನಮ್ಮ ಅಧ್ಯಯನದ ಪ್ರಕಾರ ಪಿರಿಯಾಪಟ್ಟಣ ತಾಲ್ಲೂಕಿನ ಅತ್ಯಂತ ಆರೋಗ್ಯವಂತ ಹೆಂಗಸು. ಮಾರನೆಯ ಬೆಳಿಗ್ಗೆ ರಜೆ ಹಾಕಿ ಊರಿನ ಬಸ್ಸು ಹತ್ತಿದೆ.

ಊರಿಗೆ ಬರುವಾಗ ಊಟದ ಹೊತ್ತು ಮೀರಿತ್ತು. ಮನೆಯ ಹಿಂದೆ ಹೋದರೆ ಬ್ಯಾರನ್ನಿನ ಗೋಡೆ ಹಿಡಿದುಕೊಂಡು ಅತ್ತಿಗೆ ಬಗ್ಗಿ ನಿಂತಿದ್ದಳು. ಮುಖ ಬೂದಿ ಬಣ್ಣ. ಹಣೆಯ ಬೆವರು ಒರೆಸಿದರೆ ಕೈ ತಣ್ಣಗೆ. ಮಣಿಕಟ್ಟು ಹಿಡಿದೆ, ಈ ಸಲ ಬೇಡ ಅನ್ನಲಿಲ್ಲ. ನಾಡಿ ಓಡುತ್ತಿತ್ತು, ಮುಗ್ಗರಿಸುತ್ತಿತ್ತು, ಮತ್ತೆ ಓಡುತ್ತಿತ್ತು. ಅವಳನ್ನು ಮಂಚದ ಮೇಲೆ ಮಲಗಿಸಿ, ಒದ್ದೆ ಶರ್ಟು ಬಿಚ್ಚಿಸಿ, ಕೈಕಾಲಿಗೆ ಸೋಪು ಹಾಕಿ ತೊಳೆದು, ಅಳತೆಯ ಯಂತ್ರ ತರಲು ನಾನು ಶಾಲೆಯ ಜಗಲಿಗೆ ಓಡಿದೆ.

ಅಲ್ಲಿ ನನ್ನ ವಿದ್ಯಾರ್ಥಿನಿಯರು ಪಟ್ಟಿ ಸುತ್ತುತ್ತಿದ್ದ ತೋಳು ಅಣ್ಣನದು. ಕೈಯಲ್ಲಿ ಅತ್ತಿಗೆಯ ಚೀಟಿ. ಕಣ್ಣಲ್ಲಿ ಮಧ್ಯಾಹ್ನದ ನಿದ್ದೆ ಇನ್ನೂ ಇತ್ತು. ಅವನ ಹಿಂದಿನ ಸಾಲಿನಲ್ಲಿ ಜಗಲಿಯ ಮೇಲೆ ಹಗಲೆಲ್ಲ ಕೂತು ಎದ್ದ ಇಬ್ಬರು ಮುದುಕರು, ಕಾಲೇಜಿನಿಂದ ಬಂದ ಒಬ್ಬ ಹುಡುಗಿ, ಎಮ್ಮೆ ಮೇಯಿಸಿಕೊಂಡು ಬಂದ ಇನ್ನೊಬ್ಬರು. ಸೊಪ್ಪು ಮುರಿದ ಹೆಂಗಸರು ಒಬ್ಬರೂ ಇಲ್ಲ. ಚೀಟಿಯಲ್ಲಿ ಗಂಡೋ ಹೆಣ್ಣೋ ಎಂದು ಬರೆದಿರಲಿಲ್ಲ; ನನ್ನ ಹುಡುಗಿಯರು ನಂಬರು ನೋಡಿದ್ದರೇ ಹೊರತು ಮುಖ ನೋಡಿರಲಿಲ್ಲ.

"ಅಣ್ಣ, ಇದು ಅತ್ತಿಗೆ ಚೀಟಿ."

"ಊ ಕಣಮ್ಮಿ. ಅವ್ಳ್ಗೆ ಪಿತ್ತ ಆಗೈತೆ. ಆಳು ತಪ್ಪುಸ್ಬಾರ್ದು ಅಂತ ನಾನೇ ಬಂದಿವ್ನಿ."

"ಹೋದ ವಾರ?"

"ಓದ್ ವಾರಾನೂ ನಾನೇಯ. ದಿನಾ ಮಧ್ಯಾನ ನಾನೇ ಕಣಮ್ಮಿ. ನಿನ್ ಕೆಲ್ಸ ಅಂತ ಒಂದಿನಾನೂ ತಪ್ಪುಸಿಲ್ಲ."

ಹಿಂದಿದ್ದ ಮುದುಕರೊಬ್ಬರು ಸಮಾಧಾನ ಹೇಳಿದರು: "ಎಂಗಸ್ರು ಕಡ್ಡಿಗೆ ಸೊಪ್ಪು ಕಟ್ತಾವ್ರೆ, ಒಬ್ರಿಬ್ರು ಮನಗವ್ರೆ. ಅವ್ರು ಬರೋದು ಯಾಕೆ, ಮನೆಗೊಂದಾಳು ತಾನೆ ಲೆಕ್ಕ? ನೀ ಯೋಚ್ನೆ ಮಾಡ್ಬೇಡ ಕಣವ್ವ. ನಿನ್ ಮುಯ್ಯಿ ಒಂದೂ ಬಾಕಿ ಇಲ್ಲ."

ಬೆಳಿಗ್ಗೆ ಹೆಂಡತಿಯ ಎದೆ, ಮಧ್ಯಾಹ್ನ ಗಂಡನ ಎದೆ; ಬೆಳಿಗ್ಗೆ ಸೊಸೆಯ ಬಾಟಲಿ, ಮಧ್ಯಾಹ್ನ ಮಾವನ ಬಾಟಲಿ. ಸಮಿತಿಯ ಕಂದು ಕಾಗದ ಎಲ್ಲರ ಮಾನವನ್ನೂ ಸಮನಾಗಿ ಕಾಪಾಡಿತ್ತು. ನನಗೆ ಕೋಪ ಬರಬೇಕಿತ್ತು. ಆದರೆ ಊರಿಗೆ ಊರೇ ನನ್ನನ್ನು ಮುಯ್ಯಿಯ ಒಂದು ಮನೆ ಎಂದು ಸೇರಿಸಿಕೊಂಡು, ಒಂದು ದಿನವೂ ತಪ್ಪದೆ ನನ್ನ ಪಾಲಿನ ಆಳು ಕಳಿಸಿರುವಾಗ ಯಾರ ಮೇಲೆ ಕೂಗಾಡುವುದು?

ಮುಖ್ಯಸ್ಥರಿಗೆ ಫೋನು ಮಾಡಿ ಹೇಳಿದೆ.  "ಆಸನದ ಭಾಗ ಉಳಿಸ್ಕೊಬಹುದಾ?" ಎಂದು ಕೇಳಿದರು. ಸಾರಾಂಶ ಹಿಂದಕ್ಕೆ ತರಿಸಿದೆವು. ಹುಣಸೂರಿನ ಮುಖಂಡರು ಚೌಕಟ್ಟು ಆಗಲೇ ಮಾಡಿಸಿಬಿಟ್ಟಿದ್ದರಂತೆ. ಅದರಲ್ಲಿ ಈಗ ಅವರ ಮೊಮ್ಮಗನ ಫೋಟೋ ಇದೆ ಎಂದು ಕೇಳಿದ್ದೇನೆ.

ಅತ್ತಿಗೆಯನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಮಾತ್ರೆ ಬರೆಯುವ ನಿಜವಾದ ಹೃದಯದ ಡಾಕ್ಟರಿಗೆ ತೋರಿಸಿದೆ. ಎದೆಗೆ ತಂತಿ ಅಂಟಿಸಿ ಒಂದು ಹಗಲು ರಾತ್ರಿ ನೋಡಿದರು. ಲಯ ತಪ್ಪುತ್ತಿದೆ, ಈಗಲೇ ಎಚ್ಚರವಾದರೆ ಮಾತ್ರೆಯಲ್ಲಿ ಹದಕ್ಕೆ ಬರುತ್ತದೆ. ಆದರೆ ಒದ್ದೆ ಸೊಪ್ಪಿನ ನೀರು ಮೈಗೆ ಸೋಕಬಾರದು, ಸೋಕಿದರೆ ಯಾವತ್ತೋ ಒಂದು ದಿನ ಹೊಲದಲ್ಲೇ ಬೀಳುತ್ತಾರೆ ಎಂದರು. ಅತ್ತಿಗೆ ಅಷ್ಟನ್ನೂ ಕೇಳಿಸಿಕೊಂಡು ಬಸ್ಸಿನಲ್ಲಿ ನನ್ನನ್ನು ಕೇಳಿದಳು: "ನಾಳೀಕೆ ಮ್ಯಾಲಿನ್ಮನೆಯೋರ ಒಲ. ನಾ ಓಗ್ದಿದ್ರೆ ಯಾರ್ ಓಯ್ತಾರೆ?"

ಆ ಪ್ರಶ್ನೆ ಸಂಜೆ ಮನೆಯಲ್ಲಿ ಎಲ್ಲರ ನಡುವೆ ಕೂತಿತು. ಎಲ್ಲರೂ ಎಂದರೆ ಅಣ್ಣ, ಅತ್ತಿಗೆ, ನಾನು; ಅಪ್ಪ ಅವ್ವ ಈಗಿಲ್ಲ. ಅವರ ಮಗಳನ್ನು ಎಚ್.ಡಿ. ಕೋಟೆಯ ಆಚೆ, ಎನ್. ಬೇಗೂರಿನ ಕಡೆ ಕೊಟ್ಟಿದೆ; ಅವಳಿಗೆ ಅಲ್ಲಿ ಅವಳದೇ ಹೊಲ.

"ನೀನು ಹೋಗು" ಎಂದೆ ಅಣ್ಣನಿಗೆ.

"ಸೊಪ್ಪು ಮುರ್ಯೋದು ಎಂಗಸ್ರ ಮುಯ್ಯಿ ಕಣಮ್ಮಿ. ಅವ್ರ ಮಧ್ಯೆ ನಾ ಓಗಿ ನಿಂತ್ಕಂಡ್ರೆ ನಗಾಕಿಲ್ವಾ?"

"ಮಿಷಿನ್ನಿಗೆ ಕೈ ಕೊಡುವಾಗ ಅತ್ತಿಗೆ ಬದ್ಲು ಬರಾಕಾಯ್ತು. ಸೊಪ್ಪಿಗೆ ಕೈ ಕೊಡಾಕೆ ಆಗಾಕಿಲ್ವಾ?"

"ಅದು ಕೂತ್ಕಂಡ್ ಮಾಡೋ ಕೆಲ್ಸ" ಎಂದ ಅಣ್ಣ, ಸ್ವಲ್ಪವೂ ನಾಚದೆ.

ಅತ್ತಿಗೆ ಸಿಡುಕಿದಳು. "ಇಬ್ರೂ ಸುಮ್ಕಿರ್ರಿ. ನಾನೇ ಓಯ್ತೀನಿ. ಆಳ್ ತಪ್ಸಿ ಸೊಪ್ಪು ಗಿಡದಲ್ಲೇ ಒಣಗಾಕಿ, ಆಮ್ಯಾಕೆ ಮಾತ್ರೆ ನುಂಗ್ತಾ ಕೂತ್ಕಬೇಕಾ? ಬಿದ್ರೆ ನಮ್ಮೊಲದ ಮಗ್ಲಾಗೇ ತಾನೆ ಬೀಳೋದು, ಎತ್ಕಂಡ್ ಬರಾಕೆ ದೂರ ಏನಿಲ್ಲ."

ರಕ್ತನಾಳದ ಬಗ್ಗೆ ನಾನು ಬರೆದಿರುವ ಲೇಖನಗಳನ್ನು ಒಂದರ ಮೇಲೊಂದು ಪೇರಿಸಿದರೆ ಬ್ಯಾರನ್ನಿನ ಒಲೆಗೆ ಒಂದು ದಿನದ ಸೌದೆಯಾದೀತು. ಆದರೆ ಮುಯ್ಯಿಗೆ ಸೌದೆ ಬೇಕಿರಲಿಲ್ಲ. ಮುಯ್ಯಿಗೆ ಬೇಕಾದದ್ದು ಮನೆಯಿಂದ ಒಂದಾಳು. ನಾನೂ ಆ ಮನೆಯಲ್ಲಿ ಹುಟ್ಟಿದವಳೇ.

"ನಾ ಹೋಗ್ತೀನಿ" ಎಂದೆ.

ಅತ್ತಿಗೆ ಆ ದಿನ ಮೊದಲ ಸಲ ನಕ್ಕಳು.

ನಸುಕಿನಲ್ಲಿ ಅಣ್ಣನ ಹಳೆಯ ಶರ್ಟು ತೊಟ್ಟು, ಟವಲು ಸುತ್ತಿ ಹೋದೆ. ಅತ್ತಿಗೆ ತಲೆಗೆ ಬಣ್ಣ ಹಚ್ಚಲು ಎತ್ತಿಟ್ಟಿದ್ದ ಕೈಗವಸು ಸಿಗಲೇ ಇಲ್ಲ; ಎಲ್ಲಿಟ್ಟಿದ್ದಳೆಂದು ಅವಳಿಗೂ ನೆನಪಿರಲಿಲ್ಲ. ಮೇಲಿನ ಮನೆಯ ದೊಡ್ಡವ್ವ, ಈ ಮುಯ್ಯಿಯ ಯಜಮಾನಿ ಎಂದರೂ ಸರಿ, ಬಾಯಲ್ಲಿ ಎಲೆಅಡಿಕೆ ತಿರುವುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನವ್ವ, ಉಚ್ಚೆ ಮುಗೀತಾ, ಸೊಪ್ಪಿಗೆ ಬಂದ್ಬುಟ್ಟೆ?"

"ಅತ್ತಿಗೆ ಬದ್ಲು ಬಂದಿವ್ನಿ ದೊಡ್ಡವ್ವ."

"ಬಾ ಬಾ. ಬುಡದಿಂದ ಮುರೀಬೇಕು, ಮ್ಯಾಲಿಂದಲ್ಲ. ಮೈಸೂರಲ್ಲಿ ಇಲಿಗೂ ಇಂಗೇ ಮಾಡ್ತೀಯಾ?"

ಸಾಲಿಡೀ ನಕ್ಕಿತು. ಮುರಿದ ಎಲೆಯನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ಮುಂದೆ ಹೋಗಬೇಕು. ಎರಡನೇ ಸಾಲಿಗೆ ಶರ್ಟಿನ ಎಡಪಕ್ಕ ಪೂರ್ತಿ ನೆನೆದು ಚರ್ಮಕ್ಕೆ ಅಂಟಿತು. ಬೆಳಕು ಹರಿದು, ಬಿಸಿಲು ಬೆನ್ನಿಗೆ ಸ್ವಲ್ಪ ತಾಕುವ ಹೊತ್ತಿಗೆ ಬಾಯಲ್ಲಿ ನೀರೂರಲು ಶುರುವಾಯಿತು. ಜೊಲ್ಲು ಹೆಚ್ಚುವುದು ಮೊದಲ ಲಕ್ಷಣ ಎಂದು ನಾನೇ ಪಾಠ ಮಾಡುತ್ತೇನೆ. ಬೆವರು ಎರಡನೆಯದು. ಮೂರನೆಯದನ್ನು ನೆನಪಿಸಿಕೊಳ್ಳುವುದರೊಳಗೆ ಅದು ದೊಡ್ಡವ್ವನ ಬದುವಿನ ಮೇಲೆ ಬಿತ್ತು. ಎದೆ ಯಾವುದೋ ಬಸ್ಸು ಹಿಡಿಯಲು ಓಡುವಂತೆ ಓಡುತ್ತಿತ್ತು. ಇಲಿಗಳ ಬಗ್ಗೆ ನನಗೆ ಅಪಾರವಾದ ಗೌರವ ಬಂತು.

ಹೆಂಗಸರು ಸುತ್ತ ಕೂತರು. ಒಬ್ಬಳು ಮುಖಕ್ಕೆ ನೀರು ತಟ್ಟಿದಳು. ದೊಡ್ಡವ್ವ ಸೊಂಟದ ಚೀಲ ಬಿಚ್ಚಿದಳು.

"ಒಸಿ ಬಾಯ್ಗಾಕ್ಕ. ದಿನಾ ಆಕ್ಕಂಡಿದ್ರೆ ಈ ಗತಿ ಬತ್ತಿರ್ಲಿಲ್ಲ. ನನ್ಗೆ ನೋಡು, ಒಂದಿನಾನಾದ್ರೂ ಪಿತ್ತ ಆಗೈತಾ?"

ದಿನವೂ ವಿಷ ತಿನ್ನುವವರಿಗೆ ಅದೇ ವಿಷದಿಂದ ವಾಂತಿ ಬರುವುದಿಲ್ಲ, ನಿಜ. ಆದರೆ ವಾಂತಿ ಬಾರದಿದ್ದರೆ ಹೃದಯಕ್ಕೆ ಒಳ್ಳೆಯದಾಯಿತು ಎಂದರ್ಥವಲ್ಲ ಎಂದು ನಾನು ಮಲಗಿಕೊಂಡೇ ಹೇಳಲು ಶುರುಮಾಡಿದೆ. "ಬಾಯ್ ಮುಚ್ಕಂಡ್ ಮನೀಕೊ, ತಿರ್ಗ ಬತ್ತದೆ" ಎಂದು ದೊಡ್ಡವ್ವ ನನ್ನ ಬಾಯಿ ಒರೆಸಿದಳು.

ಆಮೇಲೆ ಬಂತು ನಿಜವಾದ ಪ್ರಶ್ನೆ. ನಾನು ಬಂದದ್ದು ಆಳು ಬಂದಂತೆಯೋ, ಅಲ್ಲವೋ? ನನ್ನ ತಲೆಯ ಮೇಲಿಂದಲೇ ಚರ್ಚೆ ನಡೆಯಿತು.

"ಎರಡ್ ಸಾಲು ಮುರ್ದವ್ಳೆ. ಬಂದಂಗಾಯ್ತು ಬುಡಿ."

"ಎಲ್ ಬಂದಂಗಾಯ್ತು? ಅವ್ಳನ್ನ ನೋಡ್ಕಳಕ್ಕೆ ನಾವ್ ಇಬ್ರು ಕೂತಿಲ್ವಾ? ಅದು ಕಳೀಬೇಡ್ವಾ?"

ದೊಡ್ಡವ್ವ ಎಲೆಅಡಿಕೆ ಉಗಿದು ತೀರ್ಪು ಕೊಟ್ಟಳು. "ಅರ್ದ ಆಳು. ಇನ್ನರ್ದ ಬಾಕಿ ಅದೆ ಅಂತ ಅವ್ಳಣ್ಣಂಗೆ ಯೋಳಿ."

ನಾನು ಬದುವಿನ ಮೇಲೆ ಎದ್ದು ಕೂತೆ. ಮುಯ್ಯಿಯಲ್ಲಿ ಅರ್ಧ ಆಳು ಎಂಬುದೊಂದಿದೆ ಎಂದು ನಾನು ಕೇಳಿರಲಿಲ್ಲ. "ದೊಡ್ಡವ್ವ, ಅರ್ಧ ಆಳು ಲೆಕ್ಕಕ್ಕೆ ಬರುತ್ತಾ?"

"ಬರ್ದೆ? ನೀ ಬಿದ್ಯಲ್ಲ, ಇವತ್ತಿಂದ ಬತ್ತದೆ."

"ಹಂಗಾದ್ರೆ ನಮ್ಮನೆಯಿಂದ ದಿನಾ ಎರಡು ಅರ್ಧ ಬರ್ಲಿ. ಇಬ್ಬನಿ ಇರೋ ತನಕ ಅಣ್ಣ. ಎಲೆ ಒಣಗಿದ ಮ್ಯಾಲೆ ಅತ್ತಿಗೆ, ಮೈಮುಚ್ಚಿಕೊಂಡು. ಒಪ್ಕೊಳ್ತೀರಾ?"

 ಅತ್ತಿಗೆಯ ಎದೆಯ ಬಗ್ಗೆ ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಆಗ ಯಾರೂ ನಗಲಿಲ್ಲ. ದೊಡ್ಡವ್ವ, "ನಮ್ ಸಾಲಲ್ಲಿ ನಿಂತ್ಕಂಡು ಎದೆ ಇಡ್ಕತಿದ್ಲು, ನಾನು ನಾಟ್ಕ ಅಂದ್ಕಂಡಿದ್ದೆ" ಎಂದಳು. ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಗಂಡಸು ಬಂದ್ರೆ ನಮ್ ಮಾತೆಲ್ಲ ಕೆಡ್ತದೆ. ಓಗ್ಲಿ, ಅವ್ನನ್ನ ಕೊನೇ ಸಾಲಿಗೆ ಬುಟ್ರಾಯ್ತು" ಎಂದಳು.

ಅಣ್ಣನಿಗೆ ಈ ತೀರ್ಪು ತಲುಪಿಸಲು ನಾನು ನಡೆದು ಹೋಗಬೇಕಾಗಿರಲಿಲ್ಲ. ನಾನು ಮನೆ ಸೇರುವ ಮೊದಲೇ ಅದು ಸೇರಿತ್ತು. ಅವನು ಜಗಲಿಯಲ್ಲಿ ಮುಖ ಗಂಟಿಕ್ಕಿಕೊಂಡು ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ತಲೆ ತೂರುವಷ್ಟು ತೂತು ಕತ್ತರಿಸುತ್ತಿದ್ದ. "ಮೈ ನೆನೀಬಾರ್ದು ಅಲ್ವಾ? ಮಗ್ಲಲ್ಲೂ ಒಂದ್ ಕಟ್ಕತೀನಿ" ಎಂದ. ಒಂದು ವಾರದಲ್ಲಿ ಸಾಲಿನಲ್ಲಿ ಇನ್ನೂ ಕೆಲವರು ಚೀಲ ತೊಟ್ಟರು. ನನ್ನ ಉಪದೇಶಕ್ಕಲ್ಲ. ನಾನು ಬಿದ್ದದ್ದನ್ನು ನೋಡಿದ್ದಕ್ಕೂ ಅಲ್ಲವೇನೋ. ಗಂಡಸೊಬ್ಬ ಬೆಚ್ಚಗೆ ಚೀಲ ತೊಟ್ಟು ನಿಂತಿರುವಾಗ ತಾವು ಮಾತ್ರ ಯಾಕೆ ನೆನೆಯಬೇಕು ಎಂಬ ಹೊಟ್ಟೆಕಿಚ್ಚು ಇರಬೇಕು.

ಆ ಸೊಪ್ಪಿನ ಕಾಲದ ಅಧ್ಯಯನವನ್ನು ಪೂರ್ತಿ ಕೈಬಿಟ್ಟು ಮರುವರ್ಷ ಮೊದಲಿಂದ ಶುರುಮಾಡಿದೆ. ಚೀಟಿ ಇಲ್ಲ, ಯಂತ್ರ ಹಿಡಿದು ನಾನೇ ಮನೆಮನೆಗೆ ಹೋಗುವುದು, ನನಗೆ ಮುಖ ಗೊತ್ತು. ಫಲಿತಾಂಶ ಎಲ್ಲರೂ ಊಹಿಸುವಂಥದ್ದೇ ಬಂತು. ಅದರಲ್ಲಿ ಆಸನವಿಲ್ಲವಾದ್ದರಿಂದ ಮುಖ್ಯಸ್ಥರು ಅದನ್ನು ಬಹಳ ಮಂದಿಗೆ ತೋರಿಸುತ್ತಿಲ್ಲ.

ಅರ್ಧ ಆಳಿನ ಏರ್ಪಾಡಿನ ಮೊದಲ ನಸುಕಿನಲ್ಲಿ ನಾನು ಮನೆಯಲ್ಲೇ ಇದ್ದೆ. ಅಣ್ಣ ಚೀಲ ತೊಟ್ಟು ಹೋಗಿದ್ದ. ಹೊರಗೆ ಬೇಲಿಯ ಮೇಲೆ ಇಬ್ಬನಿ ದಟ್ಟವಾಗಿತ್ತು. ಅತ್ತಿಗೆ ಎದ್ದು ಮಾತ್ರೆ ನುಂಗಿ, ಬಾಗಿಲಲ್ಲಿ ನಿಂತಳು, ಒಳಗೆ ಬಂದಳು, ಮತ್ತೆ ಹೋಗಿ ಬಾಗಿಲಲ್ಲಿ ನಿಂತಳು. ಹೊಲದ ಕಡೆಯಿಂದ ಹೆಂಗಸರ ನಗು ಕೇಳುತ್ತಿತ್ತು. ಕರೆದು ಕೂರಿಸಿ ಮಣಿಕಟ್ಟು ಹಿಡಿದೆ. ನಾಡಿ ಒಂದೇ ಸಮನೆ ನಡೆಯುತ್ತಿತ್ತು, ಅವಸರವಿಲ್ಲದೆ.

"ಎಂಗೈತೆ?" ಎಂದಳು.

"ಚೆನ್ನಾಗೈತೆ ಅತ್ತಿಗೆ."

"ಚೆನ್ನಾಗೈತೆ" ಎಂದು ಅವಳೂ ಹೇಳಿಕೊಂಡಳು, ಬೇರೆ ಯಾರದೋ ಮನೆಯ ಸುದ್ದಿ ಕೇಳಿದವಳಂತೆ. ಸ್ವಲ್ಪ ಹೊತ್ತು ಕೈ ನನ್ನ ಕೈಯಲ್ಲೇ ಇತ್ತು. ಆಮೇಲೆ, "ಅಲ್ಲ ಕಣವ್ವ, ಮನೇಲಿರೋರು ಇಷ್ಟೊತ್ತಲ್ಲಿ ಏನ್ ಮಾಡ್ತಾರೆ?" ಎಂದು ಕೇಳಿದಳು.

"ಕೂತ್ಕೊಂಡು ಕಾಫಿ ಕುಡೀತಾರೆ."

ಕಾಫಿ ಮಾಡಿ ತಂದು ಕೊಟ್ಟೆ. ಲೋಟ ತೆಗೆದುಕೊಂಡಳು. ಕೂರಲಿಲ್ಲ, ಬಾಗಿಲಿಗೆ ಹೋಗಿ ಹೊಲದ ಕಡೆ ನೋಡುತ್ತ ನಿಂತುಕೊಂಡೇ ಕುಡಿದಳು.